ವಿನಿಯರ್‌ನ ಸಣ್ಣ ತೂತು: ಮೊದಲು ಸೀಲರ್, ಆಮೇಲೆ ಪುಟ್ಟಿ

ತುಮಕೂರಿನ ಕಡೆ ಈಗ ಕಟ್ಟುವ ಮನೆಗಳಲ್ಲಿ ಟಿವಿ ಗೋಡೆ, ವಾರ್ಡ್‌ರೋಬ್, ದೇವರ ಮನೆ ಬಾಗಿಲು ಎಲ್ಲದರಲ್ಲೂ ವಿನಿಯರ್, ಅಂದರೆ ಪ್ಲೈ ಮೇಲೆ ಅಸಲಿ ಮರದ ತೆಳು ಪದರ ಅಂಟಿಸಿದ ಹಾಳೆ, ಕಾಣುತ್ತದೆ. ಬೀಡಿಂಗ್ (ಅಂಚುಪಟ್ಟಿ) ಕೂರಿಸಲು ಹೊಡೆದ ಮೊಳೆ, ಅಂಟು ಹಿಡಿಯುವ ತನಕ ಹಾಳೆಯನ್ನು ಒತ್ತಿಡಲು ಹೊಡೆದ ಗನ್ ಪಿನ್ನು, ಉದುರಿದ ಸಣ್ಣ ಗಂಟು, ಎಲ್ಲ ಸೇರಿ ಒಂದು ಗೋಡೆಗೆ ಐವತ್ತು ನೂರು ತೂತು ಸುಲಭವಾಗಿ ಆಗುತ್ತವೆ. ಬಡಗಿಗಳು ಕೆಲಸ ಮುಗಿಸಿ ಹೊರಡುವ ದಿನ ಗರಗಸದ ಹೊಟ್ಟಿಗೆ ಬಿಳಿ ಅಂಟು ಕಲಸಿ ಎಲ್ಲ ತೂತಿಗೂ ಮೆತ್ತಿ, ಉಜ್ಜಿ ಹೋಗುತ್ತಾರೆ. ಒಣ ಮರದ ಮೇಲೆ ನೋಡಿದರೆ ತೂತು ಎಲ್ಲಿತ್ತೆಂದೇ ತಿಳಿಯುವುದಿಲ್ಲ. ಪಾಲಿಶ್‌ನವರು ಬಂದು ಮೊದಲ ಕೋಟ್ ಸೀಲರ್ (ಪಾಲಿಶ್‌ಗೆ ಮೊದಲು ಮರದ ರಂಧ್ರ ಮುಚ್ಚುವ ದ್ರವ) ಹೊಡೆದ ಐದು ನಿಮಿಷಕ್ಕೆ ಗೋಡೆ ತುಂಬಾ ಚುಕ್ಕಿ ಏಳುತ್ತದೆ. ಪ್ರತಿ ಚುಕ್ಕಿಯ ಸುತ್ತ ನಾಲ್ಕಾಣೆ ಅಗಲದ ಮಂಕು ಕಲೆ ಬೇರೆ. ಅಲ್ಲಿಂದ ಶುರುವಾಗುತ್ತದೆ, ಇದು ಬಡಗಿಯ ತಪ್ಪೋ ಪಾಲಿಶ್‌ನವರ ತಪ್ಪೋ ಎಂಬ ವಾದ.

ತಪ್ಪಿರುವುದು ಕೆಲಸದ ಕ್ರಮದಲ್ಲಿ. ವಿನಿಯರ್‌ನ ತೂತು ತುಂಬುವುದು ಪಾಲಿಶ್ ಕೆಲಸದ ನಡುವೆ, ಮೊದಲ ಕೋಟ್ ಸೀಲರ್ ಒಣಗಿದ ಮೇಲೆ, ಪಾಲಿಶ್ ಮಾಡುವವರೇ ಮಾಡಬೇಕಾದ ಕೆಲಸ. ಬಡಗಿ ಮಾಡಬೇಕಾದದ್ದು ಇಷ್ಟೇ: ಮೊಳೆಯ ತಲೆಯನ್ನು ಪಂಚ್‌ನಿಂದ 1 ಮಿ.ಮೀ. ಒಳಗಿಳಿಸಿ, ತೂತನ್ನು ಹಾಗೇ ಬರಿದಾಗಿ ಬಿಟ್ಟು ಹೋಗುವುದು. ಕೆಲಸ ಒಪ್ಪಿಸುವಾಗಲೇ ಇದನ್ನು ಇಬ್ಬರಿಗೂ ಹೇಳಿಬಿಟ್ಟರೆ ಮುಂದಿನ ಅರ್ಧ ತೊಂದರೆ ತಪ್ಪುತ್ತದೆ.

ಹೊಟ್ಟು ಮತ್ತು ಬಿಳಿ ಅಂಟು ಯಾಕೆ ಕೈಕೊಡುತ್ತದೆ ಎಂದರೆ, ಆ ಅಂಟಿನಲ್ಲಿ ಸುಮಾರು ಅರ್ಧದಷ್ಟು ನೀರು. ನೀರು ಆರಿದಾಗ ತುಂಬಿದ್ದು ಕುಗ್ಗಿ ಮಧ್ಯದಲ್ಲಿ ಕುಳಿ ಬೀಳುತ್ತದೆ. ಅಂಟು ಒಣಗಿದ ಮೇಲೆ ಪ್ಲಾಸ್ಟಿಕ್‌ನಂತೆ ಆಗುವುದರಿಂದ ಸ್ಟೇನ್ (ಮರಕ್ಕೆ ಹೀರಿಸುವ ಬಣ್ಣ) ಹಚ್ಚಿದರೆ ಹೀರುವುದಿಲ್ಲ. ಅಂಟಿನಲ್ಲಿ ನೆನೆದ ಹೊಟ್ಟು ಮಾತ್ರ ಕಪ್ಪಾಗುತ್ತದೆ. ಜೊತೆಗೆ ಮೆತ್ತುವಾಗ ತೂತಿನ ಸುತ್ತ ಬಳಿದುಕೊಂಡ ಅಂಟು ಮರದ ನವಿರು ರಂಧ್ರಗಳೊಳಗೆ ಇಳಿದಿರುತ್ತದೆ. ಮೇಲೆ ಉಜ್ಜಿದರೂ ಒಳಗಿನದು ಹೋಗುವುದಿಲ್ಲ. ಚುಕ್ಕಿಯ ಸುತ್ತ ಕಾಣುವ ಮಂಕು ಕಲೆ ಅದೇ. ಪದರವಲ್ಲದ ಇಡೀ ಗಟ್ಟಿ ಮರವಾದರೆ ಒಂದೂವರೆ ಮಿಲಿಮೀಟರ್ ತೋಪಡ (ಉಜ್ಜುಗೊರಡು) ಹೊಡೆದು ಕಲೆ ತೆಗೆಯಬಹುದು. ನಮ್ಮಲ್ಲಿ ಸಿಗುವ 8 ಅಡಿ 4 ಅಡಿಯ ವಿನಿಯರ್ ಹಾಳೆ ಒಟ್ಟು 4 ಮಿ.ಮೀ. ಆಸುಪಾಸು ದಪ್ಪ ಇದ್ದರೂ, ಮೇಲಿನ ಅಸಲಿ ಮರದ ಪದರ ಅರ್ಧ ಮಿ.ಮೀ. ಮಾತ್ರ. ಫ್ಯಾಕ್ಟರಿಯಲ್ಲೇ ಅದರಲ್ಲಿ ಸ್ವಲ್ಪ ಸವೆದಿರುತ್ತದೆ. ಒರಟಾದ 80 ನಂಬರ್ ಉಪ್ಪು ಕಾಗದ ಹಾಕಿದ ಉಜ್ಜುವ ಮೆಷಿನ್ನನ್ನು ಒಂದೇ ಕಡೆ ಅರ್ಧ ನಿಮಿಷ ನಿಲ್ಲಿಸಿದರೆ ಕೆಳಗಿನ ಪ್ಲೈ ಬಾಯಿಬಿಡುತ್ತದೆ. ಆಮೇಲೆ ತೂತಿನ ಬದಲು ಅಂಗೈಯಗಲದ ಬೋಳು ಜಾಗವನ್ನು ಮುಚ್ಚುವ ಕೆಲಸವಾಗುತ್ತದೆ, ಅದಕ್ಕೆ ಒಳ್ಳೆಯ ದಾರಿ ಇಲ್ಲ.

ಕ್ರಮ ಹೀಗೆ. ಮೊದಲು ಇಡೀ ಮೇಲ್ಮೈಯನ್ನು 180 ನಂಬರ್ ಉಪ್ಪು ಕಾಗದದಿಂದ ಕೈಯಲ್ಲೇ, ಮರದ ಎಳೆ ಹೋದ ದಿಕ್ಕಿಗೆ, ಚಪ್ಪಟೆ ಮರದ ತುಂಡಿಗೆ ಸುತ್ತಿ ಹಗುರವಾಗಿ ಉಜ್ಜಿ. ಧೂಳನ್ನು ಒಣ ಬ್ರಷ್‌ನಿಂದ ತೆಗೆಯಿರಿ. ಒದ್ದೆ ಬಟ್ಟೆ ಬೇಡ, ಅದು ಧೂಳನ್ನು ತೂತಿಗೇ ತುಂಬುತ್ತದೆ. ಆಮೇಲೆ ಬಿಳಿ ಬಟ್ಟೆಯನ್ನು ಥಿನ್ನರ್‌ನಲ್ಲಿ (ಸೀಲರ್ ತೆಳು ಮಾಡುವ ದ್ರವ) ಅದ್ದಿ ಒಂದು ಸಲ ಒರೆಸಿ. ಥಿನ್ನರ್ ಹಸಿಯಾಗಿರುವ ಆ ಅರ್ಧ ನಿಮಿಷದಲ್ಲಿ ಮರ ಯಾವ ಬಣ್ಣ ತೋರಿಸುತ್ತದೋ, ಪಾಲಿಶ್ ಆದ ಮೇಲೆ ಹೆಚ್ಚುಕಡಿಮೆ ಅದೇ ಬಣ್ಣ. ಪುಟ್ಟಿ ಹೊಂದಿಸಬೇಕಾದದ್ದು ಈ ಹಸಿ ಬಣ್ಣಕ್ಕೆ. ಒಣ ಮರಕ್ಕೆ ಹೊಂದಿಸಿದ ಪುಟ್ಟಿ ಯಾವಾಗಲೂ ತಿಳಿಯಾಗಿ, ಹಿಟ್ಟು ಚೆಲ್ಲಿದ ಹಾಗೆ ಕಾಣುತ್ತದೆ. ಅಂಗಡಿಯಲ್ಲಿ ಡಬ್ಬಿಯ ಮೇಲೆ ‘ಟೀಕ್’ ಎಂದು ಬರೆದಿರುವ ರೆಡಿಮೇಡ್ ಪುಟ್ಟಿಯನ್ನು ನೇರವಾಗಿ ಹಾಕಿದರೆ ಹೊಂದದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಒಂದೇ ತೇಗದ ಹಾಳೆಯಲ್ಲೇ ನಾಲ್ಕು ಬಣ್ಣ ಇರುತ್ತವೆ, ಡಬ್ಬಿಯಲ್ಲಿರುವುದು ಒಂದೇ.

ತೂತು ಹುಡುಕುವುದಕ್ಕೆ ಮೊಬೈಲ್ ಟಾರ್ಚನ್ನು ಹಾಳೆಗೆ ತಾಗುವ ಹಾಗೆ ಅಡ್ಡಲಾಗಿ ಹಿಡಿಯಿರಿ. ಎದುರಿನಿಂದ ಬಿದ್ದ ಬೆಳಕಿನಲ್ಲಿ ಕಾಣದ ಪಿನ್ ತೂತುಗಳೆಲ್ಲ ನೆರಳು ಬಿಟ್ಟು ಎದ್ದು ನಿಲ್ಲುತ್ತವೆ. ಗುರುತಿಗೆ ಪೆನ್ಸಿಲ್ ಬಳಸಬೇಡಿ, ಸೀಲರ್ ಕೆಳಗೆ ಗೀಟು ಶಾಶ್ವತವಾಗಿ ಉಳಿಯುತ್ತದೆ. ಮಾಸ್ಕಿಂಗ್ ಟೇಪ್‌ನ ಉಗುರಗಲದ ತುಂಡನ್ನು ತೂತಿನ ಪಕ್ಕ ಅಂಟಿಸಿದರೆ ಸಾಕು.

ಗನ್ ಪಿನ್ನಿನ ತೂತಿನಲ್ಲಿ ಎಷ್ಟೋ ಸಲ ಮರ ಹೋಗಿರುವುದಿಲ್ಲ, ನಾರು ಒಳಕ್ಕೆ ಒತ್ತಿರುತ್ತದೆ. ಅಂಥ ಕಡೆ ಬಿಸಿ ನೀರಿನ ಒಂದೇ ಹನಿಯನ್ನು ಕಡ್ಡಿಯಿಂದ ಮುಟ್ಟಿಸಿ ರಾತ್ರಿ ಬಿಟ್ಟರೆ ನಾರು ಉಬ್ಬಿ ತೂತು ಅರ್ಧಕ್ಕರ್ಧ ತಾನೇ ಮುಚ್ಚಿಕೊಳ್ಳುತ್ತದೆ. ಗಟ್ಟಿ ಮರಕ್ಕೆ ಮಾಡುವ ಹಾಗೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಇಡುವುದು ವಿನಿಯರ್‌ಗೆ ಸಲ್ಲದು, ಕೆಳಗಿನ ಅಂಟು ಮೆತ್ತಗಾಗಿ ಗುಳ್ಳೆ ಏಳುತ್ತದೆ. ಓಕ್ ವಿನಿಯರ್‌ಗೆ ಈ ನೀರಿನ ಹನಿಯೂ ಬೇಡ. ಅದರಲ್ಲಿ ಒಗರಿನ ಅಂಶ (ಟ್ಯಾನಿನ್) ಹೆಚ್ಚು. ಕಬ್ಬಿಣದ ಮೊಳೆ, ನೀರು, ಒಗರು ಮೂರೂ ಸೇರಿದರೆ ತೂತಿನ ಸುತ್ತ ನೀಲಿಗಪ್ಪು ಕಲೆ ಕಟ್ಟುತ್ತದೆ. ಆಗಲೇ ಕಟ್ಟಿದ್ದರೆ ಬಿಸಿ ನೀರು 100 ಮಿ.ಲೀ.ಗೆ 10 ಗ್ರಾಂ ಆಕ್ಸಾಲಿಕ್ ಆಸಿಡ್ ಪುಡಿ ಕರಗಿಸಿ, ಕಲೆಯ ಮೇಲಷ್ಟೇ ಸಣ್ಣ ಬ್ರಷ್‌ನಲ್ಲಿ ಹಚ್ಚಿ, ಹತ್ತು ನಿಮಿಷದ ಮೇಲೆ ಶುದ್ಧ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಎರಡು ಮೂರು ಸಲ ಒರೆಸಬೇಕು. ಅದು ವಿಷ. ಕೈಗವಸು ಹಾಕಿಕೊಳ್ಳಿ. ಒರೆಸದೆ ಬಿಟ್ಟ ಜಾಗವನ್ನು ಉಜ್ಜಿದರೆ ಆ ಪುಡಿ ಮೂಗಿಗೆ ಹೋಗುತ್ತದೆ.

ಇಷ್ಟಾದ ಮೇಲೆ ಸೀಲರ್. ತೆಳುವಾಗಿ ಒಂದು ಕೋಟ್, ಬೇಸಿಗೆಯಲ್ಲಿ ಒಂದೆರಡು ಗಂಟೆ ಆರಲು ಬಿಟ್ಟು 320 ನಂಬರ್ ಪೇಪರ್‌ನಲ್ಲಿ ಮುಟ್ಟಿದ ಹಾಗೆ ಉಜ್ಜುವುದು. ಈಗ ಮರದ ರಂಧ್ರಗಳ ಬಾಯಿ ಮುಚ್ಚಿದೆ. ಪುಟ್ಟಿ ಸುತ್ತ ಬಳಿದುಕೊಂಡರೂ ಮೇಲೇ ನಿಲ್ಲುತ್ತದೆ, ಒರೆಸಿದರೆ ಹೋಗುತ್ತದೆ. ಮೇಲಾಗಿ ಮರದ ನಿಜವಾದ ಬಣ್ಣ ಕಣ್ಣ ಮುಂದೆ ಇರುವುದರಿಂದ ಊಹೆ ಮಾಡುವ ಕೆಲಸವಿಲ್ಲ.

ಪುಟ್ಟಿಗೆ ಬೇಕಾದದ್ದು ಸಾಮಾನ್ಯ ಸಾಮಾನು. ನುಣ್ಣನೆಯ ಸೀಮೆಸುಣ್ಣದ ಪುಡಿ, ಅದೇ ಕೆಲಸಕ್ಕೆ ತಂದ ಸೀಲರ್, ಹಾಗೂ ಆಕ್ಸೈಡ್ ಪುಡಿಗಳು: ಹಳದಿ, ಕೆಂಪು, ಕಪ್ಪು. ಹಳೇ ಮನೆಗಳ ಕೆಂಪು ನೆಲಕ್ಕೆ ಸಿಮೆಂಟಿನೊಂದಿಗೆ ಕಲಸುತ್ತಿದ್ದ ಅದೇ ರೆಡ್ ಆಕ್ಸೈಡ್. ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಲು ಕೆಜಿ ಕಟ್ಟಿಸಿಕೊಂಡರೆ ವರ್ಷಗಟ್ಟಲೆ ಬರುತ್ತದೆ, ಬಿಸಿಲಿಗೆ ಬಣ್ಣವೂ ಹಾರುವುದಿಲ್ಲ. ತೆಳು ಬಟ್ಟೆಯಲ್ಲಿ ಒಮ್ಮೆ ಜಾಲಿಸಿಕೊಳ್ಳಿ, ಉಂಡೆ ಉಳಿದರೆ ಉಜ್ಜುವಾಗ ಕೆಂಪು ಗೀರು ಎಳೆಯುತ್ತದೆ. ತೇಗಕ್ಕೆ ಎರಡು ಚಮಚ ಸೀಮೆಸುಣ್ಣದ ಪುಡಿಗೆ ಕಾಲು ಚಮಚ ಹಳದಿ, ಅದರ ನಾಲ್ಕನೇ ಒಂದು ಭಾಗ ಕೆಂಪು, ಬೆಂಕಿಕಡ್ಡಿಯ ತುದಿಯಲ್ಲಿ ನಿಂತಷ್ಟು ಕಪ್ಪು, ಇದರಿಂದ ಶುರು ಮಾಡಬಹುದು. ಅಕ್ರೋಟ್ (ವಾಲ್‌ನಟ್) ಮರಕ್ಕೆ ಕೆಂಪು ಮತ್ತು ಕಪ್ಪು ಏರಿಸಿ, ಹಳದಿ ಇಳಿಸಿ. ಬಣ್ಣವನ್ನು ಮೊದಲು ಒಣಪುಡಿಯಲ್ಲೇ ಚೆನ್ನಾಗಿ ಬೆರೆಸಿಕೊಂಡು, ಆಮೇಲೆ ಸೀಲರ್ ಹನಿಹನಿಯಾಗಿ ಬಿಡುತ್ತಾ ಗಾಜಿನ ತುಂಡಿನ ಮೇಲೆ ಪುಟ್ಟಿ ಬ್ಲೇಡ್‌ನಿಂದ ಅರೆಯಿರಿ. ಹೋಳಿಗೆಯ ಕಣಕದ ಹದಕ್ಕೆ ಬರಬೇಕು: ಎಳೆದರೆ ಸ್ವಲ್ಪ ಜಗ್ಗಬೇಕು, ಹರಿದು ಹೋಗಬಾರದು. ತೆಳುವಾದರೆ ಕುಗ್ಗುತ್ತದೆ, ಗಟ್ಟಿಯಾದರೆ ತೂತಿನ ತಳ ಮುಟ್ಟದೆ ಮೇಲೇ ಟೋಪಿಯಂತೆ ಕೂತು ನಾಳೆ ಉದುರುತ್ತದೆ. ನಿಂಬೆಹಣ್ಣಿನ ಗಾತ್ರಕ್ಕಿಂತ ಹೆಚ್ಚು ಕಲಸಬೇಡಿ, ಹತ್ತು ಹದಿನೈದು ನಿಮಿಷದಲ್ಲಿ ಮೇಲೆ ಕೆನೆ ಕಟ್ಟಲು ಶುರುವಾಗುತ್ತದೆ. ಕೆನೆ ಕಟ್ಟಿದ ಮೇಲೆ ಥಿನ್ನರ್ ಹಾಕಿ ಸಡಿಲ ಮಾಡಿದ ಪುಟ್ಟಿ ಹಿಡಿಯುವುದಿಲ್ಲ.

ಒಂದೇ ಬಣ್ಣದ ಪುಟ್ಟಿಯಿಂದ ಇಡೀ ಗೋಡೆ ತುಂಬಲು ಹೋಗಬೇಡಿ. ಮೂರು ಕಲಸಿಕೊಳ್ಳಿ: ಹಾಳೆಯ ತಿಳಿ ಭಾಗಕ್ಕೊಂದು, ನಡುಬಣ್ಣಕ್ಕೊಂದು, ಕಪ್ಪು ಎಳೆಗೊಂದು. ಯಾವುದನ್ನು ಹಾಕಬೇಕೆಂದು ಅನುಮಾನ ಬಂದಾಗ ಗಾಢವಾದದ್ದನ್ನೇ ಹಾಕಿ. ಮರದಲ್ಲಿ ಸಣ್ಣ ಕಪ್ಪು ಚುಕ್ಕಿ, ಕಪ್ಪು ಗೀರು ಸಹಜವಾಗಿ ಇರುವಂಥವು, ಕಣ್ಣು ಅವನ್ನು ಮರದ ಗುಣವೆಂದೇ ದಾಟಿ ಹೋಗುತ್ತದೆ. ಬಿಳಿ ಚುಕ್ಕಿ ಮರದಲ್ಲಿ ಅಪರೂಪ, ಆದ್ದರಿಂದ ಬಾಗಿಲಿನಾಚೆ ನಿಂತವರಿಗೂ ಕಾಣುತ್ತದೆ. ಇನ್ನೊಂದು ಮಾತು, ಪುಟ್ಟಿಯ ಬಣ್ಣ ವರ್ಷಗಳಾದರೂ ಹಾಗೇ ಇರುತ್ತದೆ, ಮರದ್ದು ಇರುವುದಿಲ್ಲ. ಹೊಸದಾಗಿ ಉಜ್ಜಿದ ತೇಗ ಬೆಳಕಿಗೆ ಹೊನ್ನಿನ ಕಂದು ಬಣ್ಣಕ್ಕೆ ತಿರುಗುತ್ತದೆ, ಅಕ್ರೋಟ್ ವರ್ಷ ಕಳೆದಂತೆ ತಿಳಿಯಾಗುತ್ತದೆ. ತೇಗಕ್ಕೆ ಒಂದು ಗುಲಗಂಜಿ ಗಾಢ, ಅಕ್ರೋಟ್‌ಗೆ ಅಷ್ಟೇ ತಿಳಿ ಮಾಡಿ ಹೊಂದಿಸುವುದು ಒಳ್ಳೆಯದು.

ತುಂಬುವಾಗ ಅಗಲ ಬ್ಲೇಡ್ ಬೇಡ. ಉಗುರಿನಷ್ಟು ಅಗಲದ, ಬಾಗುವ ತುದಿಯ ಬ್ಲೇಡ್‌ನಿಂದ ಎಳೆಗೆ ಅಡ್ಡಲಾಗಿ ಒತ್ತಿ ತುಂಬಿ, ಎಳೆಯ ದಿಕ್ಕಿಗೆ ಒಂದು ಸಲ ಎಳೆದು ಬಿಡಿ. ಮಟ್ಟಕ್ಕಿಂತ ಕೂದಲೆಳೆ ಮೇಲಿರಲಿ. 1 ಮಿ.ಮೀ.ಗಿಂತ ಕಡಿಮೆ ಅಗಲದ ಪಿನ್ ತೂತಿಗೆ ಒಂದು ಸಲ ಸಾಕು. 2, 3 ಮಿ.ಮೀ. ಅಗಲದ ತೂತಿಗೆ ಎರಡು ಸಲ, ನಡುವೆ ಒಂದು ಗಂಟೆ ಬಿಟ್ಟು. ಒಂದೇ ಸಲಕ್ಕೆ ತುಂಬಿದರೆ ಮೇಲ್ಪದರ ಒಣಗಿ ಒಳಗಿನ ಥಿನ್ನರ್ ಸಿಕ್ಕಿಹಾಕಿಕೊಂಡು, ಫೈನಲ್ ಕೋಟ್ ಆಗಿ ವಾರದ ಮೇಲೆ ಕುಳಿ ಬೀಳುತ್ತದೆ. ಪಾಲಿಶ್ ಮುಗಿದು ಹಣ ಕೊಟ್ಟ ಮೇಲೆ ಕಾಣಿಸಿಕೊಳ್ಳುವ ದೋಷ ಇದು.

ಇನ್ನು ಮಟ್ಟ ಮಾಡುವುದು. ಹೆಚ್ಚು ವಿನಿಯರ್ ಹಾಳಾಗುವುದು ಇಲ್ಲೇ, ಆದ್ದರಿಂದ ನಿಧಾನ. ಪುಟ್ಟಿ ಸುತ್ತಲಿನ ಮರಕ್ಕಿಂತ ಗಟ್ಟಿಯಾಗಿದ್ದರೆ ಪೇಪರ್ ಮರವನ್ನು ಮೊದಲು ತಿನ್ನುತ್ತದೆ, ಪುಟ್ಟಿ ದಿಬ್ಬವಾಗಿ ಉಳಿಯುತ್ತದೆ. ಫೆವಿಕ್ವಿಕ್‌ನಂಥ ಅಂಟಿಗೆ ಮರದ ಧೂಳು ಹಾಕಿ ತುಂಬುವ ಪದ್ಧತಿ ಇದೆಯಲ್ಲ, ಅದರ ದೊಡ್ಡ ತೊಡಕು ಇದೇ, ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಅದಕ್ಕೆ ಉಪಾಯ: ಕಟರ್‌ನ ಹೊಸ ಬ್ಲೇಡ್ ಒಂದನ್ನು ತೆಗೆದುಕೊಂಡು ಅದರ ಎರಡೂ ತುದಿಗೆ ಸೆಲೋಟೇಪನ್ನು ಒಂದೇ ಸುತ್ತು ಸುತ್ತಿ, ನಡುವೆ ಅರ್ಧ ಅಂಗುಲ ಬಾಯಿ ಮಾತ್ರ ಬರಿದಾಗಿ ಬಿಡಿ. ಬ್ಲೇಡನ್ನು ನೆಟ್ಟಗೆ ನಿಲ್ಲಿಸಿ ಎರಡು ಬೆರಳಿನಿಂದ ಸ್ವಲ್ಪ ಬಾಗಿಸಿ ತೂತಿನ ಮೇಲೆ ಎಳೆದರೆ, ಟೇಪ್ ಇರುವ ತುದಿಗಳು ಸೀಲರ್ ಮೇಲೆ ಜಾರುತ್ತವೆ, ನಡುವಿನ ಬಾಯಿ ಎದ್ದಿರುವ ಪುಟ್ಟಿಯನ್ನು ಮಾತ್ರ ಹೆರೆಯುತ್ತದೆ. ಜೀರಿಗೆಯಷ್ಟು ಸಣ್ಣ ಹೆರೆ ಬರುತ್ತಿದ್ದರೆ ಸರಿ, ಪುಡಿ ಬಂದರೆ ಬ್ಲೇಡ್ ಮೊಂಡಾಗಿದೆ ಎಂದರ್ಥ. ಟೇಪಿನ ದಪ್ಪದಷ್ಟು ಉಳಿದ ಪುಟ್ಟಿಯನ್ನು ಪೆನ್ಸಿಲ್ ಅಳಿಸುವ ರಬ್ಬರ್‌ಗೆ 320 ನಂಬರ್ ಪೇಪರ್ ಸುತ್ತಿ ನಾಲ್ಕು ಸಲ ಉಜ್ಜಿದರೆ ಹೋಗುತ್ತದೆ. ಬೆರಳಿಗೆ ಪೇಪರ್ ಹಿಡಿದು ಉಜ್ಜಬೇಡಿ, ಬೆರಳಿನ ಮೆತ್ತನೆಗೆ ಕುಳಿಯಾಗುತ್ತದೆ.

ಮಟ್ಟವಾದ ಪುಟ್ಟಿ ಈಗ ಬಣ್ಣ ಹೊಂದಿದ್ದರೂ ಸಪಾಟಾಗಿ, ಎಳೆಯಿಲ್ಲದೆ ಕಾಣುತ್ತದೆ. 2 ಮಿ.ಮೀ. ದಾಟಿದ ತೂತಾದರೆ ಎಳೆ ಬರೆಯಲೇಬೇಕು. ಪುಟ್ಟಿ ಪೂರ್ತಿ ಗಟ್ಟಿಯಾಗುವ ಮೊದಲೇ ಕಟರ್ ತುದಿಯಿಂದ, ಸುತ್ತಲಿನ ಎಳೆ ಎಲ್ಲಿ ಬಂದು ನಿಂತಿದೆಯೋ ಅಲ್ಲಿಂದ ಎರಡು ಮೂರು ಗೀರು ಎಳೆದು, ಅದರೊಳಗೆ ಗಾಢ ಪುಟ್ಟಿಯನ್ನು ಒರೆಸಿ ತುಂಬುವುದು ಒಂದು ಬಗೆ. ತೇಗ, ಓಕ್‌ನಂಥ ದೊಡ್ಡ ರಂಧ್ರದ ಮರಕ್ಕೆ ಇದು ಚೆನ್ನ. ನುಣ್ಣನೆಯ ಮರಕ್ಕೆ ಸೊನ್ನೆ ನಂಬರಿನ ಬ್ರಷ್, ಥಿನ್ನರ್ ಬೆರೆಸಿದ ಸೀಲರ್‌ನಲ್ಲಿ ಒಂದು ಹನಿ ಸ್ಟೇನರ್. ಗೀಟನ್ನು ತೂತಿನ ಅಂಚಿಗೇ ನಿಲ್ಲಿಸದೆ ಆಚೀಚೆ ಅರ್ಧ ಸೆಂಟಿಮೀಟರ್ ದಾಟಿಸಿ, ತುದಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ಮಾಸಿಸಿ. ತೂತು ಅಡಗುವುದು ಅದರ ದುಂಡನೆಯ ಅಂಚು ಮುರಿದಾಗ. ಅಷ್ಟು ಮಾಡಿದರೆ ಬಣ್ಣ ಸ್ವಲ್ಪ ಹೆಚ್ಚುಕಡಿಮೆ ಆದರೂ ನಡೆಯುತ್ತದೆ. ಬರೆದದ್ದು ಒಣಗಿದ ಮೇಲೆ ಮುಂದಿನ ಸೀಲರ್ ಕೋಟನ್ನು ಸ್ಪ್ರೇಯಲ್ಲೇ, ತುಂತುರಾಗಿ ಹೊಡೆಯಬೇಕು. ಬಟ್ಟೆಯಲ್ಲಿ ಹಚ್ಚಿದರೆ ಬರೆದದ್ದೆಲ್ಲ ಕಲಸಿಹೋಗುತ್ತದೆ.

ಗಂಟು ಉದುರಿ ಬಿದ್ದ, ಕಡಲೆಕಾಳಿನಷ್ಟು ದೊಡ್ಡ ತೂತಿಗೆ ಈ ಪುಟ್ಟಿ ಸಾಲದು. ಅಲ್ಲಿಗೆ ಅರಾಲ್ಡೈಟ್ ಎಂಬ ಎರಡು ಟ್ಯೂಬಿನ ಎಪಾಕ್ಸಿ ಅಂಟು, ನಿಧಾನವಾಗಿ ಒಣಗುವ ಬಗೆಯದು. ಎರಡೂ ಟ್ಯೂಬಿನಿಂದ ಸಮಸಮ, ಕಪ್ಪು ಮತ್ತು ಕೆಂಪು ಆಕ್ಸೈಡ್ ಚಿಟಿಕೆ. ತೂತಿನ ಸುತ್ತ ಟೇಪ್ ಹಚ್ಚಿ, ಸ್ವಲ್ಪ ಉಬ್ಬುವಂತೆ ತುಂಬಿ, ಒಂದು ದಿನ ಪೂರ್ತಿ ಬಿಡಿ. ಗಂಟಿನ ಜಾಗದಲ್ಲಿ ಕಪ್ಪುಗಂದು ಗಂಟೇ ಕಾಣುವುದರಿಂದ ಮರದ ಬಣ್ಣ ಹೊಂದಿಸುವ ಗೋಜೇ ಇಲ್ಲ. ಬೇಗ ಒಣಗುವ ಐದು ನಿಮಿಷದ ಬಗೆಯಲ್ಲಿ ಗುಳ್ಳೆಗಳು ಮೇಲೆ ಬರಲು ಪುರುಸೊತ್ತಿರುವುದಿಲ್ಲ, ಹೆರೆದಾಗ ಸೂಜಿಮೊನೆಯಷ್ಟು ಹೊಸ ತೂತುಗಳು ಬಾಯಿಬಿಡುತ್ತವೆ.

ಕಣ್ಣಿಗೆ ನೇರವಾಗಿ ಬೀಳುವ, ತಿಳಿ ಬಣ್ಣದ ಜಾಗದಲ್ಲಿ 5 ಮಿ.ಮೀ. ಮೇಲಿನ ತೂತಿದ್ದರೆ ಯಾವ ಪುಟ್ಟಿಯೂ ಬೇಡ, ವಿನಿಯರ್ ತೇಪೆಯೇ ಸರಿ. ಅದೇ ಹಾಳೆಯ ಉಳಿದ ತುಂಡಿನ ಹಿಂಬದಿಯ ಪ್ಲೈಯನ್ನು ಹೆರೆದು ಮೇಲಿನ ಪದರವನ್ನಷ್ಟೇ ಉಳಿಸಿಕೊಳ್ಳಿ. ಅದಕ್ಕಾಗಿಯೇ, ಪಾಲಿಶ್ ಮುಗಿಯುವ ತನಕ ಚೂರು ಹಾಳೆಗಳನ್ನು ಎಸೆಯಬಾರದು. ತೇಪೆ ಚೌಕ ಬೇಡ, ದುಂಡಗೂ ಬೇಡ. ಕಣ್ಣಿನಾಕಾರ, ಎಳೆಯ ಉದ್ದಕ್ಕೆ ಎರಡೂ ತುದಿ ಚೂಪು. ಎಳೆಗೆ ಅಡ್ಡಲಾಗಿ ಬಿದ್ದ ಕೊಯ್ತ ಎಷ್ಟು ಬಿಗಿಯಾಗಿದ್ದರೂ ಕಾಣುತ್ತದೆ, ಎಳೆಯ ಉದ್ದಕ್ಕೆ ಓರೆಯಾಗಿ ಬಿದ್ದದ್ದು ಎಳೆಯಲ್ಲೇ ಕರಗುತ್ತದೆ. ತೇಪೆಯ ತುಂಡನ್ನು ತೂತಿನ ಮೇಲಿಟ್ಟು, ಎಳೆಗೆ ಎಳೆ ಕೂಡಿಸಿ, ಟೇಪ್ ಹಚ್ಚಿ, ಹೊಸ ಬ್ಲೇಡ್‌ನಿಂದ ಎರಡೂ ಪದರವನ್ನು ಒಟ್ಟಿಗೇ ಕೊಯ್ಯಿರಿ, ಆಗ ಅಳತೆ ತಾನಾಗೇ ಕೂಡುತ್ತದೆ. ಕೊಯ್ಯುವ ಮೊದಲು ತುಂಡನ್ನು ತಲೆಕೆಳಗಾಗಿ ತಿರುಗಿಸಿಯೂ ನೋಡಿ. ಒಂದೇ ಮರ, ಒಂದೇ ಹಾಳೆಯಾದರೂ ಒಂದು ದಿಕ್ಕಿನಿಂದ ಬೆಳಕಿಗೆ ಹೊಳೆದು, ತಿರುಗಿಸಿದರೆ ಮಂಕಾಗುತ್ತದೆ. ಅಂಟಿಸಿದ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮರದ ತುಂಡು, ಮೇಲೆ ಭಾರ ಇಟ್ಟು ರಾತ್ರಿ ಬಿಡಿ. ಈ ಒಂದು ಕೆಲಸವನ್ನು ಮಾತ್ರ ಸೀಲರ್‌ಗಿಂತ ಮೊದಲೇ ಮಾಡಬೇಕು.

ಒಂದೂವರೆ ಮಿಲಿಮೀಟರಿನ ದುಂಡನೆಯ ತೂತು, ಕೆಳಗೆ ಮೈದಾ ಹಿಟ್ಟಿನಷ್ಟು ನುಣ್ಣನೆಯ ಪುಡಿ ಇದ್ದರೆ ಅದು ಮೊಳೆಯದ್ದಲ್ಲ, ಕುಟ್ಟೆ ಹುಳುವಿನದ್ದು. ಹುಳು ಇರುವುದು ಒಳಗಿನ ಪ್ಲೈಯಲ್ಲಿ, ತೂತು ಅದು ಹೊರಬಂದ ಬಾಗಿಲು. ತುಂಬಿಬಿಟ್ಟರೆ ಪಕ್ಕದಲ್ಲೇ ಇನ್ನೊಂದು ತೆರೆಯುತ್ತದೆ. ಪುಡಿಯನ್ನೆಲ್ಲ ಗುಡಿಸಿ, ಕೆಳಗೆ ಕಪ್ಪು ಕಾಗದ ಹಾಸಿ ಎರಡು ವಾರ ನೋಡಿ. ಮತ್ತೆ ಪುಡಿ ಬಿದ್ದರೆ ಮರದ ಹುಳುವಿಗೆಂದೇ ಬರುವ ಔಷಧವನ್ನು ಸಿರಿಂಜ್‌ನಲ್ಲಿ ಪ್ರತಿ ತೂತಿಗೂ ಬಿಡಬೇಕು. ಅದು ಪೂರ್ತಿ ಆರಿ, ಪುಡಿ ಬೀಳುವುದು ನಿಂತ ಮೇಲೆ ತುಂಬುವ ಮಾತು.

ಪಾಲಿಶ್ ಎಲ್ಲ ಮುಗಿದ ಮೇಲೆ ಕಂಡ ಒಂದೆರಡು ತೂತಿಗೆ ಮೇಣವೇ ಸರಿ. ಜೇನುಮೇಣವನ್ನು ಬಿಸಿ ನೀರಿನಲ್ಲಿಟ್ಟ ಬಟ್ಟಲಿನಲ್ಲಿ ಕರಗಿಸಿ, ನೇರ ಒಲೆಯ ಮೇಲೆ ಇಡದೆ, ಆಕ್ಸೈಡ್ ಬೆರೆಸಿ, ಕಾಗದದ ಕೊಳವೆಗೆ ಹುಯ್ದರೆ ಕಡ್ಡಿಯಾಗುತ್ತದೆ. ಬೆರಳಿನಲ್ಲಿ ನಾದಿ ತೂತಿಗೆ ಒತ್ತಿ, ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಅಡ್ಡಲಾಗಿ ಹೆರೆದು, ಹತ್ತಿ ಬಟ್ಟೆಯಿಂದ ಉಜ್ಜಿ. ಮೇಣವನ್ನು ಪಾಲಿಶ್‌ಗಿಂತ ಮೊದಲು ಎಂದಿಗೂ ಬಳಸಬೇಡಿ, ಮೆಲಮೈನ್ ಪಾಲಿಶ್ ಆಗಲಿ ಪಿಯು (ಪಾಲಿಯುರೆಥೇನ್) ಪಾಲಿಶ್ ಆಗಲಿ ಅದರ ಮೇಲೆ ಹಿಡಿಯದೆ ಮೀನಿನ ಕಣ್ಣಿನ ಹಾಗೆ ದುಂಡಗೆ ಬಿಟ್ಟುಕೊಳ್ಳುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಬಾಗಿಲಿಗೂ ಮೇಣ ಬೇಡ. ಜೇನುಮೇಣ ಕರಗುವುದು 62 ಡಿಗ್ರಿ ಆಸುಪಾಸಿನಲ್ಲಾದರೂ ಅದಕ್ಕಿಂತ ಬಹಳ ಮೊದಲೇ ಮೆತ್ತಗಾಗುತ್ತದೆ, ಏಪ್ರಿಲ್ ಮಧ್ಯಾಹ್ನದ ಬಿಸಿಲು ಬಿದ್ದ ಗಾಢ ಬಣ್ಣದ ಬಾಗಿಲಿನಲ್ಲಿ ಧೂಳು ಹಿಡಿದು ಕಪ್ಪಾಗುತ್ತದೆ. ಅಂಥ ಕಡೆ ಅರಗು ತಡೆಯುತ್ತದೆ. ಚನ್ನಪಟ್ಟಣದ ಬೊಂಬೆಗೆ ಹಚ್ಚುವ ಬಣ್ಣದ ಅರಗಿನ ಕಡ್ಡಿಯದೇ ಜಾತಿ. ಬಿಸಿ ಮಾಡಿದ ಚಾಕುವಿನ ತುದಿಯಲ್ಲಿ ಕರಗಿಸಿ ತೊಟ್ಟಿಕ್ಕಿಸುವುದು. ಚಾಕು ಹೆಚ್ಚು ಕಾದಿದ್ದರೆ ಸುತ್ತಲಿನ ಪಾಲಿಶ್ ಗುಳ್ಳೆ ಏಳುವುದರಿಂದ, ಮೊದಲು ಚೂರು ಹಾಳೆಯ ಮೇಲೆ ಕೈ ಪಳಗಿಸಿಕೊಳ್ಳಬೇಕು. ಅರಗಿನಲ್ಲೂ ಸಹಜವಾದ ಮೇಣದ ಅಂಶ ಇರುವುದರಿಂದ ಅದರ ಮೇಲೆ ಮತ್ತೆ ಪಿಯು ಹೊಡೆಯಲು ಹೋಗಬೇಡಿ.

ಮಳೆಗಾಲದಲ್ಲಿ ಮೇಲೆ ಹೇಳಿದ ಒಣಗುವ ಹೊತ್ತನ್ನೆಲ್ಲ ದುಪ್ಪಟ್ಟು ಎಂದಿಟ್ಟುಕೊಳ್ಳಿ. ಜಡಿ ಹಿಡಿದ ದಿನ ಸೀಲರ್ ಹೊಡೆದರೆ ಗಾಳಿಯ ತೇವ ಕೂತು ಪದರ ಹಾಲಿನಂತೆ ಬೆಳ್ಳಗಾಗುತ್ತದೆ, ಆ ಬಿಳುಪಿನ ಮೇಲೆ ಹೊಂದಿಸಿದ ಪುಟ್ಟಿಯ ಬಣ್ಣ ಬಿಸಿಲು ಬಂದಾಗ ತಪ್ಪಿರುತ್ತದೆ. ಕಿಟಕಿ ತೆರೆದಿರಲಿ, ಥಿನ್ನರ್ ಇರುವ ಕೋಣೆಯಲ್ಲಿ ಬೀಡಿ, ಒಲೆ, ಊದುಬತ್ತಿ ಯಾವುದೂ ಬೇಡ. ಮಿಕ್ಕ ಒಣ ಬಣ್ಣದ ಪುಡಿಯನ್ನು ಸೀಲರ್ ಹಾಕದೆ ಪೊಟ್ಟಣ ಕಟ್ಟಿ, ಮೇಲೆ ‘ಹಾಲ್ ಗೋಡೆ, ತೇಗ, ನಡುಬಣ್ಣ’ ಎಂದು ಬರೆದು ಮನೆಯವರ ಕೈಗೇ ಕೊಡಿ. ಮುಂದೆ ಎಂದಾದರೂ ಫೋಟೋ ನೇತುಹಾಕಿದ ಮೊಳೆ ಕಿತ್ತಾಗ ಅದೇ ಪುಡಿಗೆ ನಾಲ್ಕು ಹನಿ ಸೀಲರ್ ಸಾಕಾಗುತ್ತದೆ.